ಒಂಬತ್ತು ಕಂಪ್ಯೂಟರ್, ಒಂದು ಟ್ಯಾಲಿ ಸರ್ವರ್: ಕ್ಲೌಡ್‌ಗೆ ಹೋದರೆ ಸಾಕಾ?

ಪೈಪ್_ಫಿಟ್ಟಿಂಗ್_ದಾವಣಗೆರೆ:
ಹೋಲ್‌ಸೇಲ್ ಹಾರ್ಡ್‌ವೇರ್ ಅಂಗಡಿ. ಒಟ್ಟು 9 ಕಂಪ್ಯೂಟರ್. ಅದರಲ್ಲಿ ಒಂದು ವಿಂಡೋಸ್ 10 ಡೆಸ್ಕ್‌ಟಾಪ್, ಅದನ್ನೇ ನಾವು ಸರ್ವರ್ ಅನ್ನೋದು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಗೋಲ್ಡ್ (ಹಲವರು ಒಟ್ಟಿಗೆ ಬಳಸುವ ಲೈಸೆನ್ಸ್) ಇದೆ, ಡೇಟಾ ಫೋಲ್ಡರನ್ನು ಎಲ್ಲರಿಗೂ ಟಿ ಡ್ರೈವ್ ಅಂತ ಶೇರ್ ಮಾಡಿದೆ. ಟ್ಯಾಲಿ ಡೇಟಾ 3 ಜಿಬಿ, ಬಿಲ್ ಸ್ಕ್ಯಾನ್‌ಗಳು 40 ಜಿಬಿ. ಯಜಮಾನರು ಮನೆಯಿಂದ ನೋಡಲಿ ಅಂತ ರೌಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದ ಕಂಪ್ಯೂಟರ್ ಬಳಸುವ ದಾರಿ) ತೆರೆದಿದ್ದಾರೆ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇದೆ. ಬ್ಯಾಕಪ್ ದಿನಾ ಸಂಜೆ ಅದೇ ಕಂಪ್ಯೂಟರಿನ ಡಿ ಡ್ರೈವ್‌ಗೆ, ಶನಿವಾರ ಒಂದು ಪೆನ್‌ಡ್ರೈವ್‌ಗೆ. ಈಗ ಒಬ್ಬರು ಎಲ್ಲವನ್ನೂ ಕ್ಲೌಡ್ ಸರ್ವರ್‌ಗೆ ಹಾಕಿಕೊಡ್ತೀವಿ, ಆಮೇಲೆ ವೈರಸ್ ಚಿಂತೆ ಇಲ್ಲ ಅಂತಿದ್ದಾರೆ. ವರ್ಷಕ್ಕೆ ಒಂದು ಲಕ್ಷದೊಳಗೆ ಖರ್ಚು ಮಾಡಬಹುದು. ಹೋಗೋದಾ?

ತಂತಿಬೇಲಿ:
ಕ್ಲೌಡ್ ವಿಷಯ ಆಮೇಲೆ. ಸರ್, ಇವತ್ತು ಅಂಗಡಿ ಬಾಗಿಲು ಹಾಕೋ ಮುಂಚೆ ಆ 3389 ಮುಚ್ಚಿಸಿ.

ಇಂಟರ್ನೆಟ್‌ಗೆ ನೇರ ತೆರೆದ ರಿಮೋಟ್ ಡೆಸ್ಕ್‌ಟಾಪನ್ನು ಹುಡುಕೋದಕ್ಕೆ ಯಾರೂ ಕೂತು ಹುಡುಕಬೇಕಾಗಿಲ್ಲ, ಯಂತ್ರಗಳು ಇಡೀ ಐಪಿ ಸಾಲನ್ನು ಹಗಲು ರಾತ್ರಿ ಬಾಚುತ್ತಿರುತ್ತವೆ. ಸಿಕ್ಕ ಮೇಲೆ ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟ್ಯಾಲಿ, ಯೂಸರ್1 ಇಂಥ ಹೆಸರುಗಳಿಗೆ ಪಾಸ್‌ವರ್ಡ್ ಪಟ್ಟಿ ಹಿಡಿದು ಬಡಿಯುತ್ತವೆ. ನಂಬಿಕೆ ಬರದಿದ್ದರೆ ಈವೆಂಟ್ ವ್ಯೂವರ್ (ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಪ್ರೋಗ್ರಾಂ) ತೆಗೆದು, ವಿಂಡೋಸ್ ಲಾಗ್ಸ್ ಒಳಗೆ ಸೆಕ್ಯುರಿಟಿಗೆ ಹೋಗಿ, 4625 ನಂಬರಿನವನ್ನು ಫಿಲ್ಟರ್ ಮಾಡಿ. ವಿಫಲವಾದ ಲಾಗಿನ್‌ಗಳು ಅವು. ಯಶಸ್ವಿಯಾದವು 4624, ಅದರಲ್ಲಿ ಲಾಗಾನ್ ಟೈಪ್ 10 ಇದ್ದರೆ ರಿಮೋಟ್ ಡೆಸ್ಕ್‌ಟಾಪಿನಿಂದ ಒಳಗೆ ಬಂದದ್ದು. ಅದರ ಹೊತ್ತು ಮತ್ತು ಐಪಿ ಎರಡೂ ಯಜಮಾನರದೇ ಅಂತ ಒಂದೊಂದಾಗಿ ತಾಳೆ ನೋಡಿ. ಈ ಲಾಗ್‌ನ ಗಾತ್ರ ಸಾಮಾನ್ಯವಾಗಿ 20 ಎಂಬಿ ಅಷ್ಟೇ ಇರುತ್ತೆ. ಬಡಿತ ಜೋರಿದ್ದರೆ ಹಳೆಯದು ಬೇಗ ಅಳಿದುಹೋಗುತ್ತೆ, 1 ಜಿಬಿಗೆ ಏರಿಸಿ.

ಪೈಪ್_ಫಿಟ್ಟಿಂಗ್_ದಾವಣಗೆರೆ:
ನೋಡಿದೆ. 4625 ಪುಟಗಟ್ಟಲೆ ಇದೆ, ಒಂದೇ ನಿಮಿಷದಲ್ಲಿ ಹತ್ತಾರು. ಟೈಪ್ 10 ಯಜಮಾನರ ಹೊತ್ತಿಗೇ ಸರಿಯಾಗಿದೆ. ಪೋರ್ಟ್ ನಂಬರ್ ಬದಲಿಸಿ 45000 ಮಾಡಿದರೆ ಆಗಲ್ವಾ?

ತಂತಿಬೇಲಿ:
ಆಗಲ್ಲ. ಎರಡು ದಿನ ಲಾಗ್ ಶಾಂತವಾಗಿರುತ್ತೆ, ಅಷ್ಟೇ. ಪೋರ್ಟ್ ಯಾವುದೇ ಇರಲಿ, ತಟ್ಟಿದಾಗ ಒಳಗಿರೋದು ರಿಮೋಟ್ ಡೆಸ್ಕ್‌ಟಾಪ್ ಅಂತ ಅದು ತಾನೇ ಹೇಳಿಕೊಳ್ಳುತ್ತೆ.

ಮುಚ್ಚುವ ಕ್ರಮ ಹೀಗೆ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಸಾಲನ್ನು ಅಳಿಸಿ, ಟಿಕ್ ತೆಗೆದು ಬಿಡಬೇಡಿ. ಅಲ್ಲೇ ಯುಪಿಎನ್‌ಪಿ (ಪ್ರೋಗ್ರಾಂಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಇರುತ್ತೆ, ಆಫ್ ಮಾಡಿ. ರೌಟರ್‌ನ ಅಡ್ಮಿನ್ ಪುಟ ಹೊರಗಿನಿಂದ ತೆರೆಯುವ ಹಾಗಿದ್ದರೆ ಅದನ್ನೂ ಆಫ್ ಮಾಡಿ. ಆಮೇಲೆ ಮೊಬೈಲ್ ಡೇಟಾದಿಂದ ಪರೀಕ್ಷಿಸಿ, ಅಂಗಡಿಯ ವೈಫೈನಲ್ಲೇ ಕೂತು ಪರೀಕ್ಷಿಸಿದರೆ ಗೊತ್ತಾಗಲ್ಲ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಬರ್ತಿದ್ದರೆ ಅಲ್ಲಿ ನ್ಯಾಟ್‌ನ (ಒಂದೇ ಹೊರ ವಿಳಾಸದ ಹಿಂದೆ ಎಲ್ಲ ಕಂಪ್ಯೂಟರ್ ಇಡುವ ರೌಟರ್ ವ್ಯವಸ್ಥೆ) ಮರೆ ಇರೋದಿಲ್ಲ. ಹಾಗಾಗಿ ವಿಂಡೋಸ್ ಫೈರ್‌ವಾಲ್‌ನ ರಿಮೋಟ್ ಡೆಸ್ಕ್‌ಟಾಪ್ ನಿಯಮದಲ್ಲಿ ಸ್ಕೋಪ್ ಟ್ಯಾಬಿಗೆ ಹೋಗಿ, ವಿಪಿಎನ್‌ನ (ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಐಪಿ ಸಾಲಿಗೆ ಮಾತ್ರ ಅನುಮತಿ ಕೊಡಿ.

ಹುಬ್ಬಳ್ಳಿಯಾಂವ:
ಯಜಮಾನ್ರಿಗೆ ಮನೀಲಿಂದ ನೋಡಾಕ ಬೇಕಲ್ರೀ, ಬರೇ ಮುಚ್ಚರಿ ಅಂದ್ರ ನಾಳೆ ಮತ್ತ ತಗಸ್ತಾರ. ಟೇಲ್‌ಸ್ಕೇಲ್ ಅನ್ನೂ ವಿಪಿಎನ್ ಹಾಕ್ರಿ. ಸರ್ವರ್‌ನ್ಯಾಗೊಂದು, ಯಜಮಾನ್ರ ಲ್ಯಾಪ್‌ಟಾಪ್‌ನ್ಯಾಗೊಂದು. ರೌಟರ್ ಮುಟ್ಟೂದ ಬ್ಯಾಡ, ಸ್ಟ್ಯಾಟಿಕ್ ಐಪಿನೂ ಬ್ಯಾಡ, ಅದರ ವರ್ಷದ ರೊಕ್ಕ ಉಳೀತದ. ವೈರ್‌ಗಾರ್ಡ್ ಅನ್ನೂ ವಿಪಿಎನ್ ನೀವ ಕೂಡಿಸ್ತೀರಂದ್ರ ಯುಡಿಪಿ 51820 ಪೋರ್ಟ್ ಒಂದು ತೆರೀಬೇಕು. ಸರಿಯಾದ ಕೀ ಇಲ್ಲದಾಂವ ತಟ್ಟಿದ್ರ ಅದು ಉತ್ತರಾನ ಕೊಡೂದಿಲ್ಲ, ಹಂಗಾಗಿ ಸ್ಕ್ಯಾನ್‌ನ್ಯಾಗ ಕಾಣೂದಿಲ್ಲ. ಆದ್ರ ರೌಟರ್‌ನ ವ್ಯಾನ್ ಐಪಿ 100.64ರಿಂದ 100.127ರೊಳಗ ಇದ್ರ ನೀವು ಸಿಜಿನ್ಯಾಟ್ (ಅನೇಕ ಗಿರಾಕಿಗಳಿಗೆ ಒಂದ ಹೊರಗಿನ ಐಪಿ) ಹಿಂದ ಅದೀರಿ, ಹೊರಗಿಂದ ವೈರ್‌ಗಾರ್ಡ್ ತಾಗೂದಿಲ್ಲ.

ಟೇಲ್‌ಸ್ಕೇಲ್‌ಗೆ ಯಾವ ಮೇಲ್‌ನಿಂದ ಲಾಗಿನ್ ಆಗ್ತೀರೋ ಆ ಮೇಲ್‌ನ ಬೀಗದಷ್ಟ ಅದರ ಬೀಗ ಗಟ್ಟಿ. ಆ ಖಾತೆಗೆ ಎರಡನೇ ಹಂತದ ಪರಿಶೀಲನೆ ಇಲ್ಲಂದ್ರ 3389 ತಗದಿಟ್ಟಂಗ.

ಇನ್ನೊಂದು. ಸರ್ವಿಸ್ ಹುಡುಗ ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡಸೂ ಆ್ಯಪ್) ಹಾಕಿ, ಯಾವಾಗ ಬೇಕಾದ್ರೂ ಒಳಗ ಬರಾಕ ಕಾಯಂ ಪಾಸ್‌ವರ್ಡ್ ಇಟ್ಟಿರ್ತಾನ. ಅದನ್ನ ತಗೀರಿ. ಬೇಕಾದಾಗ ಫೋನ್ ಮಾಡ್ತಾನ, ನೀವ ಒಪ್ಪಿಗಿ ಒತ್ರಿ.

ಕೀಲಿಕೈ_ಮೈಸೂರು:
ಟಿ ಡ್ರೈವ್ ಕಡೆ ಯಾರೂ ನೋಡಲಿಲ್ಲ. ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಸರ್ವರ್‌ಗೆ ಬರಲೇಬೇಕು ಅಂತೇನಿಲ್ಲ. ಕೌಂಟರಿನ ಕಂಪ್ಯೂಟರಲ್ಲಿ ಯಾರೋ ಇನ್‌ವಾಯ್ಸ್ ಅಂತ ಬಂದ ಜಿಪ್ ತೆಗೆದರೆ, ಆ ಕಂಪ್ಯೂಟರ್‌ಗೆ ಕಾಣುವ ಶೇರ್‌ನ ಫೈಲೂ ಲಾಕ್ ಆಗುತ್ತೆ. ಶೇರ್‌ಗೆ "ಎವರಿಒನ್, ಫುಲ್ ಕಂಟ್ರೋಲ್" ಕೊಟ್ಟಿರ್ತಾರೆ, ಯಾಕಂದ್ರೆ ಇನ್‌ಸ್ಟಾಲ್ ಮಾಡುವವರಿಗೆ ಅದೇ ಸುಲಭ. ಟ್ಯಾಲಿ ಕೆಲಸ ಮಾಡೋಕೆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಬೇಕೇ ಬೇಕು, ಹಾಗಾಗಿ ಪೂರ್ತಿ ತಪ್ಪಿಸಲಾಗದು. ಆದರೆ ಬಿಲ್ ಸ್ಕ್ಯಾನ್ ಫೋಲ್ಡರನ್ನು ಬೇರೆ ಶೇರ್ ಮಾಡಿ, ಹಾಕುವವರಿಗೆ ಮಾತ್ರ ಬರೆಯುವ ಹಕ್ಕು, ಉಳಿದವರಿಗೆ ಓದಲು ಮಾತ್ರ. ಟ್ಯಾಲಿಪ್ರೈಮ್ ಸರ್ವರ್ ಅಂತ ಬೇರೆಯದೇ ಲೈಸೆನ್ಸ್ ಇದೆ, ಅದರಲ್ಲಿ ಬಳಕೆದಾರರಿಗೆ ಡೇಟಾ ಫೋಲ್ಡರ್ ನೇರವಾಗಿ ಕೊಡಬೇಕಾಗಿಲ್ಲ. ಬೆಲೆ ನೋಡಿ ತೀರ್ಮಾನಿಸಿ.

ದಿನದ ಕೆಲಸಕ್ಕೆ ಎಲ್ಲರದೂ ಸ್ಟ್ಯಾಂಡರ್ಡ್ ಯೂಸರ್ ಆಗಿರಲಿ. ಡಿಫೆಂಡರ್‌ನ (ವಿಂಡೋಸ್‌ನದೇ ಆಂಟಿವೈರಸ್) ಎಕ್ಸ್‌ಕ್ಲೂಷನ್ (ಪರೀಕ್ಷಿಸದೆ ಬಿಡುವ) ಪಟ್ಟಿ ಒಮ್ಮೆ ತೆಗೆದು ನೋಡಿ. ಆಫೀಸ್ ಕ್ರ್ಯಾಕ್ ಮಾಡಿದ ಕಂಪ್ಯೂಟರ್‌ಗಳಲ್ಲಿ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿಟ್ಟಿರುವುದುಂಟು, ಆಗ ಡಿಫೆಂಡರ್ ಇದ್ದೂ ಇಲ್ಲ. ಟ್ಯಾಂಪರ್ ಪ್ರೊಟೆಕ್ಷನ್ (ಡಿಫೆಂಡರನ್ನು ಬೇರೆಯವರು ಆಫ್ ಮಾಡದಂತೆ ತಡೆ) ಆನ್ ಇರಲಿ. ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ (ಅನುಮತಿ ಇಲ್ಲದ ಪ್ರೋಗ್ರಾಂ ಫೋಲ್ಡರಿನಲ್ಲಿ ಬರೆಯದಂತೆ ತಡೆ) ಒಳ್ಳೆಯದೇ, ಆದರೆ ಟ್ಯಾಲಿಯನ್ನು ಅನುಮತಿ ಪಟ್ಟಿಗೆ ಸೇರಿಸದೆ ಆನ್ ಮಾಡಿದರೆ ಬೆಳಿಗ್ಗೆ ವೋಚರ್ ಸೇವ್ ಆಗದೆ ಅಂಗಡಿಯೆಲ್ಲ ಗಲಾಟೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ. ಆ ಸರ್ವರನ್ನು ವಿಂಡೋಸ್ 11ಕ್ಕೆ ಏರಿಸಿ. ಆಗದಿದ್ದರೆ ದುಡ್ಡು ಕೊಟ್ಟು ಇಎಸ್‌ಯು (ಬೆಂಬಲ ಮುಗಿದ ಮೇಲೂ ಬರುವ ಸೆಕ್ಯುರಿಟಿ ಅಪ್‌ಡೇಟ್) ತಗೊಳ್ಳಿ.

ಎರಡನೇಪ್ರತಿ:
ಬ್ಯಾಕಪ್‌ಗೆ ಬರೋಣ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕರೆ ಈ ಪ್ರತಿಯನ್ನು ಅವನು ಅಳಿಸಬಲ್ಲನಾ? ಅಳಿಸಬಲ್ಲನಾದರೆ ಅದನ್ನು ಬ್ಯಾಕಪ್ ಲೆಕ್ಕಕ್ಕೆ ಹಿಡಿಯಬೇಡಿ. ಡಿ ಡ್ರೈವ್ ಹೋಯ್ತು. ಚುಚ್ಚಿಯೇ ಬಿಟ್ಟ ಪೆನ್‌ಡ್ರೈವ್ ಹೋಯ್ತು. ಶ್ಯಾಡೋ ಕಾಪಿ (ಅದೇ ಕಂಪ್ಯೂಟರಲ್ಲಿ ವಿಂಡೋಸ್ ಇಡುವ ಹಳೆಯ ಪ್ರತಿ) ಅಳಿಸೋದು ರ‍್ಯಾನ್ಸಮ್‌ವೇರ್‌ನ ಮೊದಮೊದಲ ಕೆಲಸಗಳಲ್ಲೊಂದು, ಅದೂ ಹೋಯ್ತು.

ಗೂಗಲ್ ಡ್ರೈವ್, ಒನ್‌ಡ್ರೈವ್ ಸಿಂಕ್ ಕೂಡ ಬ್ಯಾಕಪ್ ಅಲ್ಲ. ಲಾಕ್ ಆದ ಫೈಲನ್ನು ಅವು ಶಿಸ್ತಾಗಿ ಮೇಲೆ ಕಳಿಸುತ್ತವೆ. ಹಿಂದಿನ ಆವೃತ್ತಿ ಸಿಗುತ್ತೆ ನಿಜ, ಆದರೆ ಗೂಗಲ್ ಡ್ರೈವ್‌ನಲ್ಲಿ ಇಂಥ ಫೈಲಿಗೆ 30 ದಿನ ಇಲ್ಲವೇ 100 ಆವೃತ್ತಿ, ಒನ್‌ಡ್ರೈವ್‌ನ ಇಡೀ ಖಾತೆಯನ್ನು ಹಿಂದಕ್ಕೆ ತರೋದು ಕಳೆದ 30 ದಿನದೊಳಗೆ. ತೆರೆದೇ ಇರುವ ಟ್ಯಾಲಿ ಫೋಲ್ಡರನ್ನು ಸಿಂಕ್‌ಗೆ ಇಟ್ಟರೆ ಇನ್ನೊಂದು ಕಷ್ಟ: ಅರ್ಧ ಬರೆದ ಫೈಲ್ ಹೋಗುತ್ತೆ, ವಾಪಸ್ ತಂದಾಗ ಕಂಪನಿ ತೆರೆಯಲ್ಲ. ಯಾವಾಗಲೂ ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ಫೈಲ್ ಮಾಡಿ, ಆ ಫೈಲನ್ನು ಕಳಿಸಿ. ಇಲ್ಲವೇ ರಾತ್ರಿ ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಫೋಲ್ಡರ್ ಕಾಪಿ ಮಾಡಿ.

ನಿಮ್ಮ ಗಾತ್ರಕ್ಕೆ ನಾನು ಹೇಳೋದು:

ಮನೆಪ್ರತಿ. 1 ಟಿಬಿ ಹೊರ ಡಿಸ್ಕ್ ಎರಡು. ಒಂದರ ಮೇಲೆ ಸೋಮ, ಇನ್ನೊಂದರ ಮೇಲೆ ಗುರು ಅಂತ ಬರೆದು ಅಂಟಿಸಿ. ಬ್ಯಾಕಪ್ ಆದ ಕೂಡಲೇ ಬಿಚ್ಚಬೇಕು, ಒಂದು ಯಾವಾಗಲೂ ಅಂಗಡಿಯ ಹೊರಗಿರಬೇಕು. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್‌ನ ಬೀಗ) ಹಾಕಿ, ರಿಕವರಿ ಕೀ ಕಾಗದದಲ್ಲಿ ಪ್ರಿಂಟ್ ಮಾಡಿ ಬೀರುವಿನಲ್ಲಿಡಿ. ಅದೇ ಸರ್ವರ್‌ನ ಡೆಸ್ಕ್‌ಟಾಪ್ ಮೇಲೆ ಕೀ ಇಟ್ಟವರೂ ಇದ್ದಾರೆ!

ಹೊರಪ್ರತಿ. ಎಡಬ್ಲ್ಯುಎಸ್ ಎಸ್3 (ಅಮೆಜಾನ್‌ನ ಕ್ಲೌಡ್ ಸಂಗ್ರಹ), ಮುಂಬೈ ಅಥವಾ ಹೈದರಾಬಾದ್ ರೀಜನ್. ಬಕೆಟ್ (ಫೈಲ್ ಇಡುವ ಜಾಗ) ಮಾಡುವಾಗಲೇ ವರ್ಷನಿಂಗ್ (ಹಳೆಯ ಆವೃತ್ತಿ ಉಳಿಸೋದು) ಮತ್ತು ಆಬ್ಜೆಕ್ಟ್ ಲಾಕ್ (ಅವಧಿ ಮುಗಿಯುವ ತನಕ ಅಳಿಸದಂತೆ ಬೀಗ) ಎರಡೂ ಆನ್ ಮಾಡಿ, ಲಾಕ್ ಅವಧಿ 35 ದಿನ. ಗವರ್ನೆನ್ಸ್ ಮೋಡ್ ಆದರೆ ವಿಶೇಷ ಹಕ್ಕಿರುವವರು ಲಾಕ್ ಮುರಿಯಬಹುದು. ಕಂಪ್ಲಯನ್ಸ್ ಮೋಡ್‌ನಲ್ಲಿ ರೂಟ್ (ಎಲ್ಲಕ್ಕಿಂತ ಮೇಲಿನ) ಖಾತೆಗೂ ಆಗಲ್ಲ. ಮೊದಲು 1 ದಿನದ ಅವಧಿ ಇಟ್ಟು ಪ್ರಯೋಗ ಮಾಡಿ. ತಪ್ಪಿ 10 ವರ್ಷ ಅಂತ ಒತ್ತಿದರೆ 10 ವರ್ಷ ಬಾಡಿಗೆ ಕಟ್ಟೋದೇ.

ಸರ್ವರ್‌ನಲ್ಲಿಡುವ ಆಕ್ಸೆಸ್ ಕೀಗೆ (ಪ್ರೋಗ್ರಾಂ ಎಸ್3ಗೆ ಹೋಗಲು ಬಳಸುವ ಗುಟ್ಟಿನ ಕೀ) ಹಾಕುವ ಹಕ್ಕು ಸಾಕು, ಆವೃತ್ತಿ ಅಳಿಸುವ ಹಕ್ಕು ಬೇಡ. ವರ್ಷನಿಂಗ್ ಇರುವಾಗ ಬರೀ ಡಿಲೀಟ್ ಒತ್ತಿದರೆ ಫೈಲ್ ಮೇಲೊಂದು ಗುರುತು ಬೀಳುತ್ತೆ ಅಷ್ಟೇ, ಒಳಗೆ ಫೈಲ್ ಹಾಗೇ ಇರುತ್ತೆ. ರೂಟ್ ಖಾತೆಯ ಎರಡನೇ ಹಂತ ಯಜಮಾನರ ಫೋನಲ್ಲಿ, ಅದಕ್ಕೆ ಆಕ್ಸೆಸ್ ಕೀ ಮಾಡಲೇಬಾರದು. ಬಜೆಟ್ ಅಲರ್ಟ್ 500 ರೂಪಾಯಿ ಆಸುಪಾಸಿಗೆ ಇಡಿ. ಎಸ್3ಯಲ್ಲೇ ಡೀಪ್ ಆರ್ಕೈವ್ ಅನ್ನೋ ದರ್ಜೆ ಅಗ್ಗ ಅಂತ ಅದಕ್ಕೆ ಹಾಕಬೇಡಿ: ಕನಿಷ್ಠ 180 ದಿನದ ಬಾಡಿಗೆ, ವಾಪಸ್ ತೆಗೆಯೋಕೆ ಸಾಮಾನ್ಯವಾಗಿ 12 ಗಂಟೆವರೆಗೂ ಕಾಯಬೇಕು. ಅಂಗಡಿ ನಿಂತಿರುವಾಗ 12 ಗಂಟೆ ಎಷ್ಟು ಉದ್ದ ಅಂತ ಹೇಳಬೇಕಿಲ್ಲ.

ಮೊದಲ ಸಲದ ಅಪ್‌ಲೋಡ್ ಲೆಕ್ಕ: 40 ಜಿಬಿ, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ನಾಲ್ಕೂವರೆ ಗಂಟೆ. ಪ್ಲಾನ್‌ನಲ್ಲಿ 100 ಅಂತ ಬರೆದಿರೋದು ಡೌನ್‌ಲೋಡ್ ಆಗಿರಬಹುದು, ಅಪ್‌ಲೋಡ್ ಬೇರೆಯಾಗಿ ಅಳೆಯಿರಿ. ಶನಿವಾರ ರಾತ್ರಿ ಶುರು ಮಾಡಿ.

ಬಿಟ್ಟುಬಿಡದೆ:
@ಎರಡನೇಪ್ರತಿ ರೆಸ್ಟಿಕ್ (ಬ್ಯಾಕಪ್ ಸಾಫ್ಟ್‌ವೇರ್) ಬಳಸುವವರಿಗೆ ಒಂದು ಮಾತು ಸೇರಿಸಿ ಅಣ್ಣಾ. ಅದು ಫೈಲನ್ನು ತುಂಡು ತುಂಡಾಗಿ ಇಡುತ್ತೆ, ಬದಲಾಗದ ತುಂಡನ್ನು ಮತ್ತೆ ಕಳಿಸಲ್ಲ. ಮೊದಲ ದಿನ ಹೋದ ತುಂಡಿನ ಲಾಕ್ 36ನೇ ದಿನಕ್ಕೆ ಮುಗಿದಿರುತ್ತೆ, ಆದರೆ ನಿನ್ನೆಯ ಬ್ಯಾಕಪ್ ಕೂಡ ಅದೇ ತುಂಡನ್ನು ನೆಚ್ಚಿಕೊಂಡಿರುತ್ತೆ. ಲಾಕ್ ಇದೆ ಅನ್ನೋ ಧೈರ್ಯದಲ್ಲಿ ಇರ್ತೀರಿ, ಅಡಿಪಾಯದ ಕಲ್ಲಿಗೇ ಲಾಕ್ ಇರಲ್ಲ.

ಎರಡನೇಪ್ರತಿ:
ಸರಿ ಹೇಳಿದ್ರಿ. ಅದಕ್ಕೇ 3 ಜಿಬಿ ಟ್ಯಾಲಿಗೆ ದಿನಾ ಇಡೀ ಫೈಲ್, ಹೆಸರಿನಲ್ಲಿ ತಾರೀಕು ಹಾಕಿ. ಜಾಣತನ ಬೇಡ. ಸ್ಕ್ಯಾನ್‌ಗಳಿಗೆ ರೆಸ್ಟಿಕ್ ಇರಲಿ, ತಿಂಗಳಿಗೊಮ್ಮೆ ಹೊಸ ರೆಪೊಸಿಟರಿಗೆ (ರೆಸ್ಟಿಕ್ ತುಂಡುಗಳನ್ನಿಡುವ ಜಾಗ) ಪೂರ್ತಿ ಕಳಿಸಿ. ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಯಾರೂ ತೆಗೆದುಕೊಡಲಾರರು. ಟ್ಯಾಲಿವಾಲ್ಟ್ (ಟ್ಯಾಲಿ ಡೇಟಾದ ಬೀಗ) ಪಾಸ್‌ವರ್ಡೂ ಹಾಗೇ.

ಖಾತೆಕಿರ್ದಿ:
ಲೆಕ್ಕಪತ್ರದ ಕಡೆಯಿಂದ ನೋಡಿದರೆ, ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೂ ಎರಡು ಕಟ್ಟುಪಾಡು ಇವೆ. ಎಲೆಕ್ಟ್ರಾನಿಕ್ ಲೆಕ್ಕಪುಸ್ತಕದ ಬ್ಯಾಕಪ್ ದಿನಾ ಆಗಬೇಕು, ಅದು ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು. ಎರಡನೇಪ್ರತಿಯವರು ಮುಂಬೈ, ಹೈದರಾಬಾದ್ ಅಂದದ್ದು ಇದಕ್ಕೂ ಹೊಂದುತ್ತೆ. 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ (ಯಾವ ನಮೂದು ಯಾವಾಗ ಬದಲಾಯಿತು ಅನ್ನೋ ದಾಖಲೆ) ಕೂಡ ಕಡ್ಡಾಯ, ಅಂದರೆ ಟ್ಯಾಲಿಪ್ರೈಮ್‌ನ ಎಡಿಟ್ ಲಾಗ್ ಆವೃತ್ತಿ. ಪಾಲುದಾರಿಕೆ, ಒಬ್ಬರದೇ ಸಂಸ್ಥೆಗಳಿಗೆ ಇವೆರಡೂ ಇಲ್ಲ.

ಆದರೆ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಎಲ್ಲರಿಗೂ ಬರುತ್ತೆ. 2022ರ ಏಪ್ರಿಲ್ 28ರದು. ರ‍್ಯಾನ್ಸಮ್‌ವೇರ್ ಥರದ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು, ಗಡಿಯಾರಗಳು ಎನ್‌ಟಿಪಿಗೆ (ಇಂಟರ್ನೆಟ್‌ನಿಂದ ಸರಿಯಾದ ಸಮಯ ತರುವ ವ್ಯವಸ್ಥೆ) ಕೂಡಿರಬೇಕು. "ನಾವು ಕಂಪನಿ ಅಲ್ಲ" ಅನ್ನುವಂತಿಲ್ಲ: ಐಟಿ ಕಾಯ್ದೆಯ 43ಎ ಕಲಮಿನ ವಿವರಣೆಯಲ್ಲಿ ಬಾಡಿ ಕಾರ್ಪೊರೇಟ್ ಅಂದರೆ ಪಾಲುದಾರಿಕೆ, ಏಕವ್ಯಕ್ತಿ ವ್ಯಾಪಾರ ಎಲ್ಲವೂ ಸೇರಿದೆ. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆಗೆ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿ. ಗ್ರಾಹಕರ ಆಧಾರ್ ಪ್ರತಿಗಳನ್ನು ಸ್ಕ್ಯಾನ್ ಫೋಲ್ಡರಿನಲ್ಲಿ ಗುಡ್ಡೆ ಹಾಕಿದ್ದರೆ ಈಗಲೇ ಅಳಿಸಿ. ಇಲ್ಲದ್ದು ಕಳವಾಗಲ್ಲ.

ತಂತಿಬೇಲಿ:
ಈ 6 ಗಂಟೆ ಮಾತು ಬಂತಲ್ಲ, ಆ ಹೊತ್ತಲ್ಲಿ ಏನು ಮಾಡಬೇಕು ಅಂತ ಒಂದು ಹಾಳೆ ಬರೆದು ಗೋಡೆಗೆ ಹಚ್ಚಿ. ಕಂಪ್ಯೂಟರಲ್ಲಿ ಇಟ್ಟರೆ ಅದೂ ಲಾಕ್ ಆಗಿರುತ್ತೆ. ಮೊದಲು ಎಲ್ಲ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆಫ್. ಕಂಪ್ಯೂಟರನ್ನು ಆಫ್ ಮಾಡಬೇಡಿ, ಮೆಮೊರಿಯಲ್ಲಿ ಸುಳಿವು ಇರಬಹುದು.

ಹುಬ್ಬಳ್ಳಿಯಾಂವ:
ಇದಕ್ಕ ನಾ ಒಪ್ಪೂದಿಲ್ರೀ. ಅದು ದೊಡ್ಡ ಕಂಪನಿ ಪಾಠ. ಕಣ್ಮುಂದ ಫೈಲಿನ ಹೆಸರು ಒಂದೊಂದ ಬದಲಾಗಾಕತ್ತಿದ್ರ ಕೇಬಲ್ ಕಿತ್ರೂ ಆ ಕಂಪ್ಯೂಟರಿನೊಳಗ ಲಾಕ್ ಆಗೂದು ನಿಲ್ಲೂದಿಲ್ಲ. ಪವರ್ ಕೀಳ್ರಿ. ಉಳಿದ ಫೈಲ್ ಉಳೀಲಿ. ಮೆಮೊರಿ ಸುಳಿವು ತಗೊಂಡು ಒಂಬತ್ತು ಕಂಪ್ಯೂಟರಿನ ಅಂಗಡಿಯಾಂವ ಏನ್ ಮಾಡ್ತಾನ?

ತಂತಿಬೇಲಿ:
ಒಪ್ಪಿದೆ. ಲಾಕ್ ಆಗುವುದು ನಡೀತಿದ್ದರೆ ಪವರ್ ಕೀಳಿ, ಮುಗಿದುಹೋಗಿದ್ದರೆ ಕೇಬಲ್ ಮಾತ್ರ ಕಿತ್ತು ಹಾಗೇ ಬಿಡಿ. ಎರಡರಲ್ಲೂ ಫಾರ್ಮ್ಯಾಟ್ ಮಾಡಬೇಡಿ. ಲಾಕ್ ಆದ ನಾಲ್ಕು ಫೈಲು ಮತ್ತು ಅವರು ಬಿಟ್ಟ ಚೀಟಿಯ ಪ್ರತಿ ಬೇರೆ ಕಡೆ ಇಡಿ. ನೋ ಮೋರ್ ರ‍್ಯಾನ್ಸಮ್ ತಾಣಕ್ಕೆ ಹಾಕಿದರೆ ಕೀ ಈಗಾಗಲೇ ಸಿಕ್ಕ ತಳಿಯಾ ಅಂತ ಗೊತ್ತಾಗುತ್ತೆ. ಸೋಮ, ಗುರು ಡಿಸ್ಕ್ ಯಾವುದನ್ನೂ ಆ ಕಂಪ್ಯೂಟರಿಗೆ ಚುಚ್ಚಬಾರದು. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಅದೇ.

ಅಂಚೆಪೆಟ್ಟಿಗೆ:
ರ‍್ಯಾನ್ಸಮ್‌ವೇರ್ ಬಗ್ಗೆ ಇಷ್ಟು ಮಾತಾಯ್ತು, ಆದರೆ ಹೋಲ್‌ಸೇಲ್‌ನವರ ದುಡ್ಡು ಸದ್ದಿಲ್ಲದೆ ಹೋಗೋದು ಮೇಲ್‌ನಿಂದ. ಸಪ್ಲೈಯರ್ ಅಥವಾ ನಿಮ್ಮ ಮೇಲ್ ಪಾಸ್‌ವರ್ಡ್ ಹೋಗಿರುತ್ತೆ. ಕಳ್ಳ ವಾರಗಟ್ಟಲೆ ಓದ್ತಾ ಕೂತಿರ್ತಾನೆ, ದೊಡ್ಡ ಬಿಲ್ ಬಂದ ದಿನ ಅದೇ ಮೇಲ್ ಸರಣಿಯಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಬರೀತಾನೆ. ಉತ್ತರಗಳು ನಿಮಗೆ ಕಾಣದಿರಲಿ ಅಂತ ಮೇಲ್‌ಬಾಕ್ಸಿನಲ್ಲಿ ಒಂದು ರೂಲ್ ಹಾಕಿ ಆರ್‌ಎಸ್‌ಎಸ್ ಫೀಡ್ಸ್ ಥರದ, ಯಾರೂ ತೆಗೆಯದ ಫೋಲ್ಡರಿಗೆ ತಳ್ಳಿರ್ತಾನೆ.

ಅನುಮಾನ ಬಂದರೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ. ರೂಲ್‌ಗಳು, ಫಾರ್ವರ್ಡಿಂಗ್ ವಿಳಾಸ, ಅನುಮತಿ ಪಡೆದ ಆ್ಯಪ್‌ಗಳು, ಆ್ಯಪ್ ಪಾಸ್‌ವರ್ಡ್‌ಗಳು, ರಿಕವರಿ ಫೋನ್ ನಂಬರ್ ಇವಿಷ್ಟನ್ನೂ ನೋಡಿ. ಒಟಿಪಿ ಇದ್ದರೂ ನಕಲಿ ಲಾಗಿನ್ ಪುಟ ನಡುವೆ ನಿಂತು ಒಟಿಪಿಯ ಜೊತೆಗೆ ಸೆಷನ್ ಕುಕಿಯನ್ನೇ (ಲಾಗಿನ್ ಆಗಿದ್ದೀರಿ ಅನ್ನೋ ಗುರುತು) ಎತ್ತಿಕೊಳ್ಳಬಹುದು. ಪಾಸ್‌ಕೀ (ಪಾಸ್‌ವರ್ಡ್ ಬದಲು ಸಾಧನದಲ್ಲಿಡುವ, ಅಸಲಿ ತಾಣಕ್ಕೆ ಕಟ್ಟಿದ ಕೀ) ಆ ನಕಲಿ ಪುಟದಲ್ಲಿ ಕೆಲಸವೇ ಮಾಡಲ್ಲ. ಅಡ್ಮಿನ್ ಮತ್ತು ಪೇಮೆಂಟ್ ಮಾಡುವವರಿಗಾದರೂ ಅದನ್ನೇ ಹಾಕಿಸಿ.

ಡೊಮೇನ್‌ಗೆ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ) ದಾಖಲೆ ಒಂದೇ ಇರಬೇಕು. ಮೇಲ್‌ಗೆ ಒಂದು, ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಇನ್ನೊಂದು ಅಂತ ಎರಡು ಹಾಕಿದರೆ ಎರಡೂ ಕೆಡುತ್ತೆ. ಒಂದರೊಳಗೇ ಸೇರಿಸಿ, ಒಟ್ಟು ಡಿಎನ್‌ಎಸ್ ಹುಡುಕಾಟ 10 ಮೀರಬಾರದು. ಡಿಕಿಮ್ (ಹೋಗುವ ಮೇಲ್‌ಗೆ ಡಿಜಿಟಲ್ ಸಹಿ) ಆನ್ ಮಾಡಿ. ಡಿಮಾರ್ಕ್ (ಪರೀಕ್ಷೆಯಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅನ್ನೋ ಸೂಚನೆ) ಮೊದಲು none (ತಡೆಯದೆ ವರದಿ ಮಾತ್ರ) ಇಟ್ಟು ಮೂರು ವಾರ ವರದಿ ನೋಡಿ, ನಿಮ್ಮದೇ ಮೇಲ್‌ಗಳು ಫೇಲ್ ಆಗ್ತಿಲ್ಲ ಅಂತ ಖಚಿತವಾದ ಮೇಲೆ ಕ್ವಾರಂಟೈನ್, ಆಮೇಲೆ ರಿಜೆಕ್ಟ್. ಇದು ನಿಮ್ಮ ಡೊಮೇನ್ ಹೆಸರಿನ ಸುಳ್ಳು ಮೇಲ್ ತಡೆಯುತ್ತೆ. ಒಂದಕ್ಷರ ಬದಲಿಸಿದ ಡೊಮೇನನ್ನಾಗಲಿ, ನಿಜವಾಗಿ ಕದ್ದ ಮೇಲ್‌ಬಾಕ್ಸನ್ನಾಗಲಿ ತಡೆಯಲ್ಲ. ಅದಕ್ಕೆ ಮದ್ದು ಫೋನ್. ಖಾತೆ ಬದಲು ಅಂತ ಬಂದರೆ ಹಳೆಯ ಬಿಲ್‌ನಲ್ಲಿರುವ ನಂಬರ್‌ಗೆ ಕರೆ ಮಾಡಿ, ಆ ಮೇಲ್‌ನಲ್ಲಿರುವ ನಂಬರ್‌ಗಲ್ಲ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗೆ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಈಗ ಬ್ಯಾಂಕ್‌ಗಳಲ್ಲಿದೆ, ಅದನ್ನೂ ಒತ್ತಿ ನೋಡಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳ ಡ್ರಾ ಮಾಡುವ ಮೊದಲು ಮೊತ್ತ ತಡೆಹಿಡಿಯುವ ಸಾಧ್ಯತೆ ಇರೋದು ಆ ಮೊದಲ ಗಂಟೆಗಳಲ್ಲಿ.

ಖಾತೆಕಿರ್ದಿ:
ಯಾವ ಖಾತೆ ಯಾರ ಹೆಸರಲ್ಲಿದೆ ಅಂತಲೂ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ಮೊಬೈಲ್ ಮತ್ತು ಮೇಲ್ ಟ್ಯಾಕ್ಸ್ ಕನ್ಸಲ್ಟೆಂಟ್‌ದೇ? ಡೊಮೇನ್ ವೆಬ್‌ಸೈಟ್ ಮಾಡಿದ ಹುಡುಗನ ಹೆಸರಲ್ಲಿದೆಯೇ? ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಸಿಪಿಯುಗೆ ಚುಚ್ಚೇ ಇದ್ದು, ಅದರ ಮೇಲೆ ಪಿನ್ ಬರೆದ ಚೀಟಿ ಅಂಟಿದೆಯೇ? ಕೆಲಸ ಬಿಟ್ಟ ಅಕೌಂಟೆಂಟ್‌ನ ಇ-ವೇ ಬಿಲ್ ಸಬ್‌ಯೂಸರ್ ಇನ್ನೂ ಜೀವಂತ ಇದೆಯೇ? ಅಂಗಡಿಯ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ನೋಡಿ.

ಪೈಪ್_ಫಿಟ್ಟಿಂಗ್_ದಾವಣಗೆರೆ:
ಜಿಎಸ್‌ಟಿ ಮೊಬೈಲ್ ಕನ್ಸಲ್ಟೆಂಟ್‌ದೇ ಮೇಡಂ, ಬದಲಿಸ್ತೀನಿ. ಟೇಲ್‌ಸ್ಕೇಲ್ ಕೂತಿದೆ, ಪೋರ್ಟ್ ಮುಚ್ಚಿದೆ. ಈಗ ಮೂಲ ಪ್ರಶ್ನೆ: ಕ್ಲೌಡ್ ಸರ್ವರ್ ಬೇಕಾ ಬೇಡ್ವಾ?

ಕೀಲಿಕೈ_ಮೈಸೂರು:
ಅವರು ಕೊಡೋದು ಏನು ಅಂತ ಕೇಳಿ. ಹಲವು ಸಲ ಅದು ಬೇರೆ ಊರಿನ ವಿಂಡೋಸ್ ಯಂತ್ರ, ಅದಕ್ಕೂ ರಿಮೋಟ್ ಡೆಸ್ಕ್‌ಟಾಪ್, ಅದೂ ಇಂಟರ್ನೆಟ್‌ಗೆ ತೆರೆದದ್ದು. ನಿಮ್ಮ ಅಂಗಡಿಯ ತೊಂದರೆಯನ್ನೇ ಬಾಡಿಗೆಗೆ ತಗೊಂಡ ಹಾಗೆ. ಐದು ಪ್ರಶ್ನೆಗೆ ಬರಹದಲ್ಲಿ ಉತ್ತರ ತಗೊಳ್ಳಿ: ಒಳಗೆ ಬರೋಕೆ ಎರಡನೇ ಹಂತ ಇದೆಯಾ, ಆ ಯಂತ್ರ ನಮ್ಮೊಬ್ಬರದೋ, ಬೇರೆ ಗಿರಾಕಿಗಳ ಜೊತೆ ಹಂಚಿದ್ದೋ, ಬ್ಯಾಕಪ್ ಅದೇ ಖಾತೆಯಲ್ಲೋ, ಬೇರೆಯಲ್ಲೋ, ನಮ್ಮ ಟ್ಯಾಲಿ ಬ್ಯಾಕಪ್ ಫೈಲನ್ನು ನಾವೇ ದಿನಾ ಇಳಿಸಿಕೊಳ್ಳಬಹುದಾ, ಬಿಡುವಾಗ ಡೇಟಾ ಎಷ್ಟು ದಿನದಲ್ಲಿ, ಯಾವ ರೂಪದಲ್ಲಿ ಕೊಡ್ತೀರಿ. ಯಂತ್ರ, ಕಟ್ಟಡ, ಕರೆಂಟ್ ಅವರ ಹೊಣೆ. ಪಾಸ್‌ವರ್ಡ್, ಯಾರಿಗೆ ಎಷ್ಟು ಹಕ್ಕು, ಏನು ಅಳಿಸಿದಿರಿ ಇದೆಲ್ಲ ಕ್ಲೌಡ್‌ನಲ್ಲೂ ನಿಮ್ಮದೇ. ಎರಡು ಮೂರು ಊರಲ್ಲಿ ಶಾಖೆ ಇದ್ದರೆ, ಕರೆಂಟ್ ಪದೇ ಪದೇ ಹೋಗ್ತಿದ್ದರೆ ಕ್ಲೌಡ್ ಸರಿ. ಒಂದೇ ಗೋಡೌನ್, ಒಂದೇ ಅಂಗಡಿ ಆದರೆ ಆ ದುಡ್ಡಲ್ಲಿ ಒಂದು ಒಳ್ಳೆಯ ಡೆಸ್ಕ್‌ಟಾಪ್, ಯುಪಿಎಸ್, ಎರಡು ಡಿಸ್ಕ್, ಎಸ್3 ಎಲ್ಲ ಬರುತ್ತೆ.

ಎರಡನೇಪ್ರತಿ:
ಯಾವುದನ್ನು ಆರಿಸಿದರೂ ಈ ಭಾನುವಾರ ವಾಪಸ್ ತಂದು ನೋಡಿ. ಸರ್ವರ್ ಮುಟ್ಟಬೇಡಿ, ಬೇರೆ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿಪ್ರೈಮ್ ಹಾಕಿ. ಲೈಸೆನ್ಸ್ ಬೇಕಿಲ್ಲ, ಎಜುಕೇಷನಲ್ ಮೋಡ್ ಸಾಕು: ಅದರಲ್ಲಿ ವೋಚರ್ ಹಾಕೋಕೆ 1, 2, 31ನೇ ತಾರೀಕು ಮಾತ್ರ, ನೋಡೋಕೆ ತೊಂದರೆ ಇಲ್ಲ. ಆವೃತ್ತಿ ಸರ್ವರ್‌ನಲ್ಲಿರುವುದೇ ಇರಲಿ, ಹೊಸದರ ಡೇಟಾ ಹಳೆಯದರಲ್ಲಿ ತೆರೆಯಲ್ಲ. ಎಸ್3ಯಿಂದ ಫೈಲ್ ಇಳಿಸುವುದರಿಂದ ಹಿಡಿದು ಕಂಪನಿ ತೆರೆಯುವವರೆಗೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ. ಆಮೇಲೆ ಟ್ರಯಲ್ ಬ್ಯಾಲೆನ್ಸ್ ತೆಗೆದು, ಶನಿವಾರ ಸರ್ವರಿನಿಂದ ಪ್ರಿಂಟ್ ತೆಗೆದ ಹಾಳೆಯ ಜೊತೆ ಪೈಸೆ ಪೈಸೆ ತಾಳೆ ಹಾಕಿ.

ಪೈಪ್_ಫಿಟ್ಟಿಂಗ್_ದಾವಣಗೆರೆ:
ಶನಿವಾರ ಪ್ರಿಂಟ್ ತೆಗೆದಿಡ್ತೀನಿ. ಲ್ಯಾಪ್‌ಟಾಪ್ ಮಗಳದ್ದು, ಭಾನುವಾರ ಹನ್ನೊಂದರ ತನಕ ಸಿಗುತ್ತೆ.